ಮೆಗ್ಗರಿಗೆ ಕುಂಕುಮ

ನಾನು ಎಲೆಕ್ಟ್ರಿಷಿಯನ್ ಆದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಸಾಲು ಚಿಕ್ಕದಿತ್ತು, ಅಷ್ಟೆ. ಹನ್ನೆರಡನೇ ಕ್ಲಾಸು ಮುಗಿಸಿ ಐಟಿಐಗೆ ಅರ್ಜಿ ಕೊಡಲು ಹೋದ ದಿನ ಹೊಲಿಗೆ ಕೋರ್ಸಿನ ಕಿಟಕಿಯ ಮುಂದೆ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಅರ್ಧದಷ್ಟು ಹುಡುಗಿಯರು ನಿಂತಿದ್ದರು. ಬ್ಯೂಟಿ ಪಾರ್ಲರ್ ಕೋರ್ಸಿನ ಮುಂದೆ ಉಳಿದರ್ಧ. ಬಿಸಿಲು ನೆತ್ತಿಗೆ ಬಂದಿತ್ತು, ನನಗೆ ಹೊಟ್ಟೆ ಹಸಿದಿತ್ತು. ಎಲೆಕ್ಟ್ರಿಷಿಯನ್ ಎಂದು ಬರೆದ ಕಿಟಕಿಯ ಮುಂದೆ ಮಾತ್ರ ನಾಲ್ಕು ಜನ, ನಾಲ್ವರೂ ಹುಡುಗರು. ನಾನು ಐದನೆಯವಳಾಗಿ ನಿಂತೆ. ಒಳಗೆ ಕೂತಿದ್ದವರು ನನ್ನನ್ನೂ ಅರ್ಜಿಯನ್ನೂ ಎರಡೆರಡು ಸಲ ನೋಡಿ, ಹುಡುಗಿಯರ ಸೀಟು ಖಾಲಿ ಇದೆ ಎಂದು ಠಸ್ಸೆ ಒತ್ತಿದರು. ಅರ್ಧ ಗಂಟೆಯಲ್ಲಿ ಭವಿಷ್ಯ ನಿರ್ಧಾರವಾಯಿತು. ವಡಾಪಾವ್ ತಿಂದು ಮನೆಗೆ ಬಂದೆ.

ಅಮ್ಮ ಸುದ್ದಿ ಕೇಳಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಕರೆಂಟಿನ ಕೆಲಸವಾ? ನಿಂಗೆ ಹಲ್ಲಿ ಕಂಡ್ರೆ ಹೆದರಿಕೆ ಮಾರಾಯ್ತಿ."

"ಹಲ್ಲಿಯ ಕೋರ್ಸ್ ಅಲ್ಲ ಅಮ್ಮ."

ಅಪ್ಪ ಆಗ ಥಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಬೆಳಗ್ಗೆ ಐದರ ಲೋಕಲ್ಲಿಗೆ ಹೋದವರು ರಾತ್ರಿ ಬಂದು ಊಟಕ್ಕೆ ಕೂತಾಗ ಅಮ್ಮ ದೂರು ಹೇಳಿದಳು. ಅವರು ಸಾರಿಗೆ ಅನ್ನ ಕಲಸುತ್ತ, "ಎರಡು ವರ್ಷ ಅಲ್ವಾ, ಕಲೀಲಿ. ಹೋಟೆಲಿನ ಫ್ಯಾನ್ ರಿಪೇರಿಗೆ ಹೊರಗಿನವನನ್ನು ಕರೆಯುದು ತಪ್ತದೆ" ಎಂದರು. ಅವರ ತಲೆಯಲ್ಲಿ ಯಾವಾಗಲೂ ಹೋಟೆಲು.

ನಮ್ಮದು ಉಡುಪಿ ಜಿಲ್ಲೆಯ ಕುಂದಾಪುರದ ಕಡೆ, ಮನೆಮಾತು ಕನ್ನಡ. ಇಲ್ಲಿ ಉಡುಪಿ ಎಂದರೆ ಸಾಕು, ತುಳು ಬರುತ್ತದಲ್ಲ ಎನ್ನುತ್ತಾರೆ. ಬರುವುದಿಲ್ಲ ಎಂದರೆ ಏನೋ ಮುಚ್ಚಿಡುತ್ತಿದ್ದೇನೆ ಎಂಬ ಹಾಗೆ ನೋಡುತ್ತಾರೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ನನ್ನ ಕಸುಬಿನಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎನ್ನುವುದರ ಮೇಲೆ ಸಂಪಾದನೆ ನಿಂತಿದೆ. ಕನ್ನಡದವರ ಮನೆಗೆ ಹೋಗಿ ಕನ್ನಡದಲ್ಲಿ ಬಾಯಿಬಿಟ್ಟರೆ, "ಓ, ನಮ್ಮವಳೇ" ಎಂದು ಅವರಿಗೆ ಸಂತೋಷವಾಗುತ್ತದೆ. ಆ ಸಂತೋಷದಲ್ಲಿ ನನಗೆ ನೂರು ರೂಪಾಯಿ ಕಡಿಮೆ ಕೊಡುತ್ತಾರೆ. ಜೊತೆಗೆ ಕಾಫಿ. ಹಾಗಾಗಿ ನಾನು ಬೇಗನೆ ಬುದ್ಧಿ ಕಲಿತೆ. ಬಾಗಿಲಲ್ಲಿ ನಮ್ಮ ಕಡೆಯ ಹೆಸರು ಕಂಡರೆ ಮರಾಠಿಯಲ್ಲಿ ಶುರುಮಾಡುವುದು, ದುಡ್ಡು ಕೈಗೆ ಬಂದ ಮೇಲೆ "ಬರ್ತೇನೆ ಹಾಗಾದ್ರೆ" ಎನ್ನುವುದು. ಅವರ ಮುಖ ನೋಡಲು ಬಹಳ ಮಜಾ. ಒಳಗೆ ಗಂಡ ಹೆಂಡತಿ ನನ್ನ ಮುಂದೆಯೇ, "ಇವ್ಳಿಗೆ ಎಷ್ಟು ಕೊಡೂದು, ಇನ್ನೂರು ಸಾಕಲ್ವಾ" ಎಂದು ಮಾತಾಡಿಕೊಂಡದ್ದನ್ನೆಲ್ಲ ನಾನು ಸ್ಟೂಲಿನ ಮೇಲೆ ನಿಂತು ಕೇಳಿಸಿಕೊಂಡಿರುತ್ತಿದ್ದೆ.

ಐಟಿಐ ಮುಗಿಸಿ ಮೊದಲು ಸೇರಿದ್ದು ನೆರೂಳದ ಕಟ್ಟಡಗಳಲ್ಲಿ ಹೆಲ್ಪರ್ ಆಗಿ. ದಿನಕ್ಕೆ ಮುನ್ನೂರು ರೂಪಾಯಿ. ಗೋಡೆ ಕೊರೆದು ಪೈಪು ಹೂಳುವುದು, ಪೈಪಿನೊಳಗೆ ತಂತಿ ಎಳೆಯುವುದು, ಕೂದಲಿಗೆ ಹತ್ತಿದ ಸಿಮೆಂಟ್ ತೊಳೆಯುವುದು. ಮುನ್ನೂರರಲ್ಲಿ ಶಾಂಪೂಗೆ ಎಷ್ಟು ಹೋಗುತ್ತಿತ್ತು ಎಂದು ಕೇಳಬೇಡಿ. ಎರಡು ವರ್ಷ ಕಳೆದು ನಾನೇ ಸಣ್ಣ ಕೆಲಸ ಹಿಡಿಯಲು ಶುರುಮಾಡಿದೆ. ಬೆಲ್ ಒತ್ತಿದರೆ ಬಾಗಿಲು ತೆಗೆದವರು ನನ್ನ ಹಿಂದೆ ಬಗ್ಗಿ ನೋಡುತ್ತಿದ್ದರು. "ಮಿಸ್ತ್ರಿ ಕುಠೆ ಆಹೇ?" ಎಂದು ಕೇಳುತ್ತಿದ್ದರು, ಮಿಸ್ತ್ರಿ ಎಲ್ಲಿ ಎಂದು. ಕೆಳಗೆ ಗಾಡಿ ನಿಲ್ಲಿಸುತ್ತಿದ್ದಾನೆ ಎಂದು ಹೇಳಿ ಒಳಗೆ ಹೋಗಿ ಕೆಲಸ ಶುರುಮಾಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಫ್ಯಾನ್ ತಿರುಗಿದ ಮೇಲೂ ಕೆಲವರು ಮಿಸ್ತ್ರಿಗಾಗಿ ಕಾಯುತ್ತಿದ್ದರು.

ನಮ್ಮ ಮಜೂರಿಯ ಲೆಕ್ಕ ಪಾಯಿಂಟಿನದು. ಒಂದು ದೀಪ ಒಂದು ಪಾಯಿಂಟ್, ಒಂದು ಫ್ಯಾನ್ ಒಂದು ಪಾಯಿಂಟ್, ಒಂದು ಪ್ಲಗ್ ಒಂದು ಪಾಯಿಂಟ್. ಈಗ ಪಾಯಿಂಟಿಗೆ ಇನ್ನೂರೈವತ್ತು ಮುನ್ನೂರು ಸಿಗುತ್ತದೆ. ಕೇಳಲು ಸರಳ. ಆದರೆ ಪಾಯಿಂಟ್ ಎಣಿಸುವಾಗ ಮನುಷ್ಯನ ನಿಜವಾದ ಗುಣ ಹೊರಗೆ ಬರುತ್ತದೆ. ನೆರೂಳದಲ್ಲಿ ಮೈಸೂರಿನ ಒಬ್ಬರು ಸಾಫ್ಟ್‌ವೇರ್ ಕಂಪನಿಯವರು, ಬಹಳ ಸಜ್ಜನರು, ನನ್ನನ್ನು ಸೋಫಾದಲ್ಲಿ ಕೂರಿಸಿ ನಿಧಾನಕ್ಕೆ ಹೇಳಿದರು:

"ನೋಡಿ ಮೇಡಂ, ಬೆಡ್‌ರೂಮಲ್ಲಿರೋದು ಝೀರೋ ಬಲ್ಬು ಅಲ್ವಾ. ಝೀರೋಗೆ ಪೂರ್ತಿ ಪಾಯಿಂಟ್ ಹಾಕೋದು ನ್ಯಾಯಾನಾ, ನೀವೇ ಹೇಳಿ."

ನಾನು ಝೀರೋ ಬಲ್ಬಿಗೆ ಅರ್ಧ ಪಾಯಿಂಟ್ ಎಂದು ಒಪ್ಪಿ, ಕಾಲಿಂಗ್ ಬೆಲ್ಲಿಗೆ ಒಂದೂವರೆ ಹಾಕಿದೆ. ಅವರು ಅದನ್ನು ಗಮನಿಸಲಿಲ್ಲ. ಇಬ್ಬರಿಗೂ ಗೆದ್ದ ಸಮಾಧಾನ.

ಇಷ್ಟೆಲ್ಲ ಕೆಲಸ ಮಾಡಿಯೂ ನನಗೆ ಒಂದು ಹಕ್ಕು ಇರಲಿಲ್ಲ, ಸಹಿ ಹಾಕುವ ಹಕ್ಕು. ಹೊಸ ಮೀಟರ್ ಬೇಕಾದರೆ, ಮನೆಯ ವೈರಿಂಗನ್ನು ಪರೀಕ್ಷೆ ಮಾಡಿದ್ದೇನೆ, ಎಲ್ಲ ಸರಿ ಇದೆ ಎಂದು ಟೆಸ್ಟ್ ರಿಪೋರ್ಟ್ ಕೊಡಬೇಕು. ಅದಕ್ಕೆ ಸಹಿ ಹಾಕಬೇಕಾದವರು ಸರ್ಕಾರದ ಲೈಸೆನ್ಸ್ ಇರುವ ಕಂತ್ರಾಟುದಾರರು. ಕೆಲಸ ನನ್ನದು, ಬೆವರು ನನ್ನದು, ಸಹಿ ಮಾತ್ರ ಕಲ್ಯಾಣದ ಒಬ್ಬ ಹಿರಿಯರದು. ಅವರು ಸ್ಟೇಷನ್ನಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಅರ್ಧ ಲೋಟದ ಕಟಿಂಗ್ ಚಹಾ ಇಟ್ಟುಕೊಂಡು, ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಸಹಿ ಹಾಕುತ್ತಿದ್ದರು. ಒಂದಕ್ಕೆ ಆರುನೂರು ರೂಪಾಯಿ. ಮನೆ ಎಲ್ಲಿದೆ ಎಂದೂ ಕೇಳುತ್ತಿರಲಿಲ್ಲ. ನನ್ನ ಹಾಗೆ ಹತ್ತಾರು ಜನ ಫಾರಂ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದೆವು. ಅವರನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತೇ ಎಂದರೆ, ಇಲ್ಲ. ಹೊಟ್ಟೆಕಿಚ್ಚು ಬರುತ್ತಿತ್ತು. ಆ ಕುರ್ಚಿ ನನಗೂ ಬೇಕು ಎನಿಸುತ್ತಿತ್ತು. ಲೈಸೆನ್ಸಿಗೆ ಓದಲು ಕೂತದ್ದು ಜನರ ಸುರಕ್ಷತೆಗಾಗಿ ಎಂದು ಈಗ ಹೇಳಬಹುದು. ನಿಜ ಹೇಳಿದರೆ, ಕುರ್ಚಿಗಾಗಿ.

ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದೆ. ಮೊದಲು ವೈರ್‌ಮನ್ ಪರವಾನಗಿ, ಆಮೇಲೆ ಸೂಪರ್‌ವೈಸರ್. ಹೆಣ್ಣುಮಕ್ಕಳಿಗೂ ಅದು ವೈರ್‌ಮನ್ನೇ. ಕೊನೆಗೆ ಉಳಿದದ್ದು ಕಂತ್ರಾಟುದಾರರ ಲೈಸೆನ್ಸ್. ಅದಕ್ಕೆ ಒಂದು ಆಫೀಸ್ ಇರಬೇಕು, ಪರೀಕ್ಷೆ ಮಾಡುವ ಉಪಕರಣಗಳು ಸ್ವಂತದ್ದಿರಬೇಕು, ಅವುಗಳ ನಂಬರನ್ನು ಅರ್ಜಿಯಲ್ಲಿ ಬರೆದಿರಬೇಕು. ಅಧಿಕಾರಿಯೊಬ್ಬರು ಬಂದು ಅವನ್ನು ಕಣ್ಣಾರೆ ನೋಡಿ, ನಡೆಸಿ ತೋರಿಸು ಎಂದು ಹೇಳಿ ವರದಿ ಕೊಡುತ್ತಾರೆ. ಆಫೀಸಿನ ಸಮಸ್ಯೆಯನ್ನು ಬಗೆಹರಿಸಿದೆ. ನಮ್ಮ ಡೊಂಬಿವಲಿ ಮನೆಯ ಹಾಲಿನಲ್ಲಿ ಟಿವಿ ಪಕ್ಕ ಒಂದು ಮೇಜು ಹಾಕಿದೆ. ಉಪಕರಣಗಳಲ್ಲಿ ಮುಖ್ಯವಾದದ್ದು ಮೆಗ್ಗರ್. ಕೈಯಲ್ಲಿ ತಿರುಗಿಸುವ ಹಿಡಿ ಇರುವ ಕಪ್ಪು ಪೆಟ್ಟಿಗೆ ಅದು. ಎರಡು ತಂತಿಗೆ ಸಿಕ್ಕಿಸಿ ಹಿಡಿ ತಿರುಗಿಸಿದರೆ, ತಂತಿಯ ಹೊದಿಕೆ ಗಟ್ಟಿಯಾಗಿದೆಯೇ, ಎಲ್ಲಾದರೂ ಕರೆಂಟು ಸೋರುತ್ತದೆಯೇ ಎಂದು ಮುಳ್ಳು ಹೇಳುತ್ತದೆ. ಎಲ್ಲ ಸರಿಯಿದ್ದರೆ ಮುಳ್ಳು ಇನ್ಫಿನಿಟಿಗೆ ಹೋಗಿ ನಿಲ್ಲುತ್ತದೆ. ಎಲ್ಲೋ ಸೋರಿಕೆ ಇದ್ದರೆ, ತೇವ ಹೊಕ್ಕಿದ್ದರೆ ಸೊನ್ನೆಯ ಕಡೆಗೆ ಬೀಳುತ್ತದೆ. ಮುಂಬಯಿಯ ಕರೆಂಟ್ ಸಾಮಾನಿನ ಪೇಟೆ ಲೋಹಾರ್ ಚಾಳಿನಲ್ಲಿ ಮೂರು ಅಂಗಡಿಯವರ ಜೊತೆ ಜಗಳವಾಡಿ ಹಳೆಯದೊಂದನ್ನು ತಂದಿದ್ದೆ.

ದಸರಾದ ಮರುದಿನ ಹನ್ನೊಂದು ಗಂಟೆಗೆ ಬರುತ್ತೇವೆ ಎಂದು ಕಚೇರಿಯಿಂದ ಫೋನ್ ಬಂತು. ಆ ಹೊತ್ತಿಗೆ ನೆರೂಳದ ಒಂದು ಸೊಸೈಟಿ ನಲವತ್ತು ಮನೆಗಳ ಹಳೇ ವೈರಿಂಗ್ ಬದಲಿಸುವ ಕೆಲಸವನ್ನು ನನಗೆ ಕೊಡುವ ಮಾತಾಡಿತ್ತು. ಆದರೆ ಒಂದು ಶರತ್ತು, ಲೈಸೆನ್ಸ್ ನನ್ನ ಹೆಸರಿನಲ್ಲೇ ಇರಬೇಕು. ನಲವತ್ತು ಮನೆ ಎಂದರೆ ನಾನು ಆವರೆಗೆ ಎರಡು ವರ್ಷದಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು. ಈ ಸಲ ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಫೀಸು, ಮತ್ತೆ ಕಾಯುವುದು. ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗುತ್ತಿತ್ತು. ನನಗೆ ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ.

ಆಯುಧಪೂಜೆಯ ದಿನ ಬೆಳಗ್ಗೆ ಕಲ್ಯಾಣದ ಒಂದು ಮಿಠಾಯಿ ಅಂಗಡಿಯ ಮೇನ್ ಸ್ವಿಚ್ ಸುಟ್ಟಿತ್ತು, ಸಣ್ಣ ಚೀಲವೊಂದನ್ನು ಹಿಡಿದು ಹೋಗಿದ್ದೆ. ಮಧ್ಯಾಹ್ನ ವಾಪಸ್ ಬಂದು ನೋಡಿದರೆ ಬಾಲ್ಕನಿಯಲ್ಲಿ ನನ್ನ ಉಳಿದ ಸಾಮಾನುಗಳೆಲ್ಲ ಸಾಲಾಗಿ ಒಣಗಲು ಕೂತಿವೆ. ಇಕ್ಕಳ, ಸ್ಕ್ರೂ ಡ್ರೈವರ್, ಸುತ್ತಿಗೆ, ಡ್ರಿಲ್ ಮಷೀನ್. ಎಲ್ಲವಕ್ಕೂ ಗಂಧ, ಕುಂಕುಮ, ತಲೆಗೊಂದು ಚೆಂಡುಹೂವು. ಸಾಲಿನ ಕೊನೆಯಲ್ಲಿ, ನೀರು ತೊಟ್ಟಿಕ್ಕುತ್ತ, ನನ್ನ ಮೆಗ್ಗರ್.

"ಎಂತ ಹಾಗೆ ನೋಡ್ತಿ?" ಎಂದಳು ಅಮ್ಮ. "ಎಷ್ಟು ಜಿಡ್ಡಿತ್ತು ಗೊತ್ತುಂಟಾ? ಎಲ್ಲ ಬಕೆಟಿನಲ್ಲಿ ಹಾಕಿ ಬ್ರಶ್ಶಲ್ಲಿ ತಿಕ್ಕಿದ್ದೇನೆ."

"ಇದನ್ನೂ ತಿಕ್ಕಿದ್ಯಾ?"

"ಅದಕ್ಕೆ ಎರಡು ಸಲ. ಕಪ್ಪಾಗಿತ್ತು."

"ಅದು ಕಪ್ಪೇ ಅಮ್ಮ. ಅದ್ರ ಬಣ್ಣವೇ ಕಪ್ಪು."

"ಹಾಗಂತ ಮೊದ್ಲೇ ಹೇಳ್ಬೇಕಿತ್ತು."

ತೇವ ಹೊಕ್ಕಿದೆಯೇ ಎಂದು ಪತ್ತೆ ಮಾಡುವ ಉಪಕರಣವನ್ನು ಬಕೆಟಿನಲ್ಲಿ ಮುಳುಗಿಸಿ ಸ್ನಾನ ಮಾಡಿಸಿದವಳು ಇಡೀ ಥಾಣೆ ಜಿಲ್ಲೆಯಲ್ಲಿ ನನ್ನ ಅಮ್ಮ ಒಬ್ಬಳೇ ಇರಬೇಕು. ನಾನು ಕೂಗಾಡಿದೆ. ಹಬ್ಬದ ದಿನ ಎಂದೂ ನೋಡಲಿಲ್ಲ. ಅವಳು ಮುಖ ಚಿಕ್ಕದು ಮಾಡಿಕೊಂಡು, ಆದರೆ ಒಂದು ಇಂಚೂ ಹಿಂದೆ ಸರಿಯದೆ, ಪೂಜೆಗಿಟ್ಟ ಆಯುಧವನ್ನು ನಾಳೆ ದಶಮಿ ಕಳೆಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ ಎಂದಳು. ಅಂದರೆ ಬಿಚ್ಚಿ ಒಣಗಿಸಲೂ ಇಲ್ಲ, ನಡೆಸಿ ನೋಡಲೂ ಇಲ್ಲ. ಮನೆಯೊಳಗೆ ಫ್ರಿಜ್ಜು, ಗ್ರೈಂಡರು, ಗೋಡೆಯ ಸ್ವಿಚ್ ಬೋರ್ಡುಗಳು, ಎಲ್ಲದಕ್ಕೂ ಕುಂಕುಮ ಇಟ್ಟಾಗಿತ್ತು. ಅದನ್ನು ನೋಡಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ನನ್ನ ಕಣ್ಣೆಲ್ಲ ಮೆಗ್ಗರ್ ಮೇಲಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಸಂಧಾನಕ್ಕೆ ಬಂದಳು.

"ಮೊಬೈಲು ನೀರಿಗೆ ಬಿದ್ರೆ ಅಕ್ಕಿಯಲ್ಲಿ ಇಡ್ತಾರಲ್ಲ. ಇದನ್ನೂ ಇಡುವ. ಅಕ್ಕಿ ಅಂದ್ರೆ ಲಕ್ಷ್ಮಿ, ಪೂಜೆಯಲ್ಲಿ ಇದ್ದ ಹಾಗೇ ಆಯ್ತು."

"ಸರಿ, ಡಬ್ಬ ತಾ."

"ಯಾವ ಅಕ್ಕಿ? ಕುಚ್ಚಲಕ್ಕಿಯಲ್ಲೇ ಇಡುವ. ಅದು ಹೆಚ್ಚು ನೀರು ಕುಡೀತದೆ."

ಊರಿನಿಂದ ಬಂದ ಹತ್ತು ಕಿಲೋ ಕುಚ್ಚಲಕ್ಕಿಯ ಡಬ್ಬದಲ್ಲಿ ನನ್ನ ಭವಿಷ್ಯವನ್ನು ಹೂಳಿದೆವು. ಮೇಲೆ ಅಮ್ಮ ಇನ್ನೊಂದು ಹೂವಿಟ್ಟಳು.

ದಶಮಿಯ ದಿನ ಮನಸ್ಸು ತಡೆಯಲಿಲ್ಲ. ಕಲ್ಯಾಣದ ಹಿರಿಯರ ಮನೆಗೆ ಹೋದೆ. ಒಂದು ದಿನಕ್ಕೆ ಅವರ ಮೆಗ್ಗರ್ ಕೊಡುತ್ತಾರೆಯೇ ಎಂದು ಕೇಳುವುದು ನನ್ನ ಯೋಚನೆ. ನನಗೆ ಲೈಸೆನ್ಸ್ ಸಿಕ್ಕರೆ ಅವರ ಆರುನೂರು ರೂಪಾಯಿಗಳು ನಿಲ್ಲುತ್ತವೆ ಎಂದು ಅವರಿಗೆ ಗೊತ್ತಿತ್ತು. ಆದರೂ ನಗುತ್ತ ಅಟ್ಟಕ್ಕೆ ಏಣಿ ಹಾಕಿಸಿ ಒಂದು ಪೆಟ್ಟಿಗೆ ಇಳಿಸಿದರು. ರಟ್ಟಿನ ಪೆಟ್ಟಿಗೆಯ ಮೇಲಿನ ಟೇಪು ಹಾಗೇ ಇತ್ತು. ಒಳಗೆ ಥರ್ಮೊಕೋಲು, ಪ್ಲಾಸ್ಟಿಕ್ ಚೀಲ, ಅದರೊಳಗೆ ಮುಟ್ಟಿದರೆ ಬೆರಳಚ್ಚು ಮೂಡುವಷ್ಟು ಹೊಸ ಮೆಗ್ಗರ್.

"ಏಕ್‌ದಮ್ ನಯಾ ಹೈ ಬೇಟಾ," ಎಂದರು ಹೆಮ್ಮೆಯಿಂದ. "ಬೀಸ್ ಸಾಲ್ ಸೇ ನಯಾ ಹೈ."

ಇಪ್ಪತ್ತು ವರ್ಷದಿಂದ ಹೊಸದಾಗಿಯೇ ಇದೆಯಂತೆ. ಅಷ್ಟೂ ವರ್ಷ ಅವರು ಸಹಿ ಹಾಕಿದ ರಿಪೋರ್ಟುಗಳಲ್ಲಿ ಮೆಗ್ಗರ್ ಓದಿದ ಅಂಕಿ ಬರೆಯುವ ಜಾಗವೊಂದಿತ್ತು. ಆ ಅಂಕಿಗಳನ್ನು ಎಲ್ಲಿಂದ ತರುತ್ತಿದ್ದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೇಳುವ ಮುಖವೂ ಇರಲಿಲ್ಲ, ಎಷ್ಟೋ ಸಲ ಫಾರಂ ತುಂಬಿಕೊಟ್ಟವಳು ನಾನೇ. ನನ್ನ ಅರ್ಜಿಯಲ್ಲಿ ಬರೆದ ನಂಬರು ಬೇರೆ, ಇದರ ನಂಬರು ಬೇರೆ ಎಂದೆ. ನಂಬರ್ ಯಾರು ನೋಡುತ್ತಾರೆ ಎಂದು ಅವರು ಹೇಳಿದರು. ಕೈ ಚಾಚಿದೆ, ಹಿಂದೆ ತೆಗೆದುಕೊಂಡೆ. ಅವರು ಕೊಟ್ಟ ಬರ್ಫಿ ತಿಂದು ಖಾಲಿ ಕೈಯಲ್ಲಿ ಲೋಕಲ್ ಹತ್ತಿದೆ.

ಮರುದಿನ ಬೆಳಗ್ಗೆ ಅಕ್ಕಿಯಿಂದ ಮೆಗ್ಗರನ್ನು ಮೇಲೆತ್ತಿದೆವು. ತಂತಿಗಳನ್ನು ಒಂದಕ್ಕೊಂದು ತಾಗಿಸಿ ತಿರುಗಿಸಿದೆ, ಸೊನ್ನೆ. ಬೇರೆ ಮಾಡಿ ತಿರುಗಿಸಿದೆ, ಇನ್ಫಿನಿಟಿ. ಸರಿಯಾಗಿಯೇ ಇದೆ ಅನಿಸಿತು. ಆದರೆ ಎಲ್ಲೋ ಸಂದಿಯಲ್ಲಿ ಒಂದು ಅಕ್ಕಿಕಾಳು ಒಳಗೆ ಹೋಗಿತ್ತು. ಅಲುಗಿಸಿದರೆ ಕಟಕಟ ಎನ್ನುತ್ತಿತ್ತು. ಬಿಚ್ಚಲು ಹೊತ್ತಿರಲಿಲ್ಲ, ಬಾಗಿಲ ಬೆಲ್ ಆಯಿತು.

ಅಧಿಕಾರಿ ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ಕೈಯಲ್ಲಿ ಹೆಲ್ಮೆಟ್, ಬಾಯಿತುಂಬ ಮರಾಠಿ. ಟಿವಿ ಪಕ್ಕದ ನನ್ನ ಆಫೀಸನ್ನು ನೋಡಿ ಮುಖದಲ್ಲಿ ಏನೂ ತೋರಿಸಲಿಲ್ಲ. ಅಮ್ಮ ಕಾಫಿ, ಕೋಡುಬಳೆ ತಂದಿಟ್ಟಳು. ಅವರು ಉಪಕರಣಗಳ ನಂಬರುಗಳನ್ನು ಒಂದೊಂದಾಗಿ ಓದಿ ಅರ್ಜಿಯ ಜೊತೆ ಹೊಂದಿಸಿದರು. ನಾನು ಕಲ್ಯಾಣದ ದಿಕ್ಕಿಗೆ ಮನಸ್ಸಿನಲ್ಲೇ ನಕ್ಕೆ. ಮೆಗ್ಗರನ್ನು ಕೈಗೆತ್ತಿಕೊಂಡಾಗ ಅಕ್ಕಿಕಾಳು ಕಟಕಟ ಎಂದಿತು.

"ಹೇ ಕಾಯ್ ವಾಜತಂಯ್?" ಎಂದರು. ಏನಿದು ಸದ್ದು ಎಂದು.

ಹಳೇ ಉಪಕರಣ ಸಾಹೇಬರೇ, ಹಾಗೇ ಸ್ವಲ್ಪ ಮಾತಾಡುತ್ತದೆ ಎಂದೆ ಮರಾಠಿಯಲ್ಲಿ. ಅವರು ಹ್ಞೂಂ ಎಂದು, ನಿಮ್ಮ ಮನೆಯ ವೈರಿಂಗನ್ನೇ ಪರೀಕ್ಷೆ ಮಾಡಿ ತೋರಿಸಿ, ಅಡುಗೆಮನೆಯಿಂದ ಶುರುಮಾಡಿ ಎಂದರು.

ಇದಕ್ಕಿಂತ ಸುಲಭದ ಕೆಲಸ ಇರಲಿಲ್ಲ. ಈ ಮನೆ ಕೊಂಡಾಗ ನಾನು ಐಟಿಐಯಲ್ಲಿ ಎರಡನೇ ವರ್ಷ. ಹಳೇ ತಂತಿಗಳನ್ನೆಲ್ಲ ಕಿತ್ತು ಇಡೀ ಮನೆಗೆ ಹೊಸ ವೈರಿಂಗ್ ಮಾಡಿದವಳು ನಾನೇ, ಹತ್ತೊಂಬತ್ತನೇ ವಯಸ್ಸಿಗೆ. ಹದಿನೈದು ವರ್ಷದಲ್ಲಿ ಒಂದು ದಿನವೂ ಫ್ಯೂಸ್ ಹೋಗಿರಲಿಲ್ಲ. ಮೇನ್ ಆಫ್ ಮಾಡಿದೆ, ಪ್ಲಗ್‌ಗಳನ್ನೆಲ್ಲ ತೆಗೆದೆ, ಹಾಲಿನ ಮೇನ್ ಬೋರ್ಡಿನಲ್ಲೇ ಅಡುಗೆಮನೆಗೆ ಹೋಗುವ ತಂತಿಗೆ ಮೆಗ್ಗರ್ ಸಿಕ್ಕಿಸಿ ಹಿಡಿ ತಿರುಗಿಸಿದೆ. ಮುಳ್ಳು ಸೊನ್ನೆಯ ಪಕ್ಕಕ್ಕೆ ಬಂದು ಕೂತಿತು. ಇನ್ನೂ ಜೋರಾಗಿ ತಿರುಗಿಸಿದೆ. ಅಲ್ಲೇ ಕೂತಿತ್ತು.

ಅಮ್ಮನ ಸ್ನಾನ ಮೆಗ್ಗರನ್ನು ಕೊಂದಿದೆ ಎಂದು ಖಾತ್ರಿಯಾಯಿತು. ನಲವತ್ತು ಮನೆಗಳು ಒಂದೊಂದಾಗಿ ದೀಪ ಆರಿಸಿದ ಹಾಗಾಯಿತು. ಅಧಿಕಾರಿ ಅಷ್ಟು ದೂರದಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು, ಕೈಯಲ್ಲಿ ಪೆನ್ನು. ಮುಳ್ಳು ಕಾಣುತ್ತಿದ್ದುದು ನನಗೊಬ್ಬಳಿಗೇ. ಅಮ್ಮನಿಗೆ ಮುಳ್ಳು ಕಾಣದಿದ್ದರೂ ನನ್ನ ಮುಖ ಕಂಡಿತು. ಅವಳು ದನಿ ತಗ್ಗಿಸುವ ಗೋಜಿಗೇ ಹೋಗಲಿಲ್ಲ. ಮರಾಠಿಯವರ ಮುಂದೆ ಕನ್ನಡ ಮಾತಾಡಿದರೆ ಗೋಡೆಯ ಹಿಂದೆ ನಿಂತು ಮಾತಾಡಿದ ಹಾಗೆ ಎಂಬುದು ಅವಳ ನಂಬಿಕೆ.

"ಎಂತ, ಸರಿ ಬರ್ಲಿಲ್ವಾ? ದೊಡ್ಡ ನಂಬರ್ ಒಂದು ಹೇಳಿಬಿಡು ಮಗಾ. ಅವ್ರು ಕ್ಯಾಲೆಂಡರ್ ನೋಡ್ತಿದ್ದಾರೆ, ಅವ್ರಿಗೆ ಎಂತ ಗೊತ್ತಾಗ್ತದೆ."

ಹೇಳಲು ಬಾಯಿ ತೆರೆದೆ. ಇನ್ಫಿನಿಟಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಎಷ್ಟು ಫಾರಂಗಳಲ್ಲಿ ಬರೆದಿದ್ದೆ ಅದನ್ನು. ಆಗ ಅಮ್ಮ ನನ್ನನ್ನು ಧೈರ್ಯ ತುಂಬುವಂತೆ ನೋಡಿ ಕಣ್ಣು ಮಿಟುಕಿಸಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನೀರಿಗೆ ಹಾಕಿದವಳೂ ಇವಳೇ, ಈಗ ಸುಳ್ಳು ಹೇಳಿಕೊಡುವವಳೂ ಇವಳೇ. ಆ ಸಿಟ್ಟಿನಲ್ಲಿ ಕಂಡದ್ದನ್ನೇ ಹೇಳಿಬಿಟ್ಟೆ, ಸಾಹೇಬರೇ, ಸೊನ್ನೆಯ ಹತ್ತಿರ ಇದೆ, ಫೇಲ್ ಎಂದು. ಸತ್ಯಸಂಧತೆ ಎಂದು ಯಾರೂ ತಿಳಿಯಬೇಡಿ.

ಅವರು ಕ್ಯಾಲೆಂಡರಿನಿಂದ ತಿರುಗಿ, ಬೆಡ್‌ರೂಮಿನದ್ದು ನೋಡಿ ಎಂದರು. ತಿರುಗಿಸಿದೆ. ಮುಳ್ಳು ಸರಾಗವಾಗಿ ಹೋಗಿ ಇನ್ಫಿನಿಟಿಯಲ್ಲಿ ನಿಂತಿತು. ಹಾಲಿನದ್ದು, ಇನ್ಫಿನಿಟಿ. ಮತ್ತೆ ಅಡುಗೆಮನೆ, ಸೊನ್ನೆ. ಮೆಗ್ಗರ್ ಸತ್ತಿರಲಿಲ್ಲ. ಅದು ನಿಜ ಹೇಳುತ್ತಿತ್ತು. ಕೆಟ್ಟದ್ದು ನಮ್ಮ ಅಡುಗೆಮನೆ.

"ಅಮ್ಮ, ಮೊನ್ನೆ ಅಡುಗೆಮನೆ ಸ್ವಿಚ್ ಬೋರ್ಡಿಗೆ ಎಂತ ಮಾಡಿದೆ?"

"ಎಂತ ಮಾಡಿದ್ದು? ಎಣ್ಣೆ ಹಿಡಿದಿತ್ತು. ಸೋಪಿನ ನೀರು ಹಾಕಿ ತೊಳ್ದೆ. ಅದೂ ನಿನ್ನ ಆಯುಧವೇ ಅಲ್ವಾ."

ಆಗ ಅಧಿಕಾರಿ ಕುರ್ಚಿಯಲ್ಲಿ ಕೂತು, ಕೋಡುಬಳೆ ಮುರಿದು, ಅಮ್ಮನ ಕಡೆ ತಿರುಗಿದರು.

"ಬೋರ್ಡಿಗೆ ನೀರ ಹಾಕಬಾರದ್ರಿ ಅವ್ವಾರ. ಒರಸೂದು ಅಷ್ಟ. ಕುಂಕುಮ ಹಚ್ಚರಿ, ಅದಕ್ಕೇನ ಅಡ್ಡಿ ಇಲ್ಲ."

ಸೊಲ್ಲಾಪುರದ ಕಡೆಯವರಂತೆ, ಮನೆಯಲ್ಲಿ ಕನ್ನಡವಂತೆ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ನಾನು ಇಷ್ಟು ವರ್ಷ ಕನ್ನಡದ ಗಿರಾಕಿಗಳಿಗೆ ಮಾಡಿದ್ದನ್ನು ಅವರು ನನಗೆ ಮಾಡಿದ್ದರು. ಅಪ್ಪಟ ಕಸುಬುದಾರರು. ನನಗೆ ನಾಚಿಕೆಗಿಂತ ಮೆಚ್ಚುಗೆಯೇ ಹೆಚ್ಚಾಯಿತು.

"ವೈರಿಂಗ್ ಯಾರದು?" ಎಂದರು.

"ನಂದೇ ಸರ್."

"ಬೋರ್ಡ ಬಿಚ್ಚಿ ನೋಡ್ರಿ. ಬರೇ ನೀರಂದ್ರ ಇಷ್ಟೊತ್ತಿಗೆ ಒಣಗಬೇಕಿತ್ತು." ಅವರು ಕಾಗದದ ಮೇಲೆ ಏನೋ ಬರೆಯುತ್ತ ಹೋದರು. "ನಾ ಬಂದದ್ದು ಮೆಗ್ಗರ್ ನೋಡಾಕ. ಮೆಗ್ಗರ್ ಖರೇ ಹೇಳತೈತಿ. ಓದಾಕಿನೂ ಖರೇ ಹೇಳ್ಯಾಳ. ಹೋದಲ್ಲೆಲ್ಲ ಇನ್ಫಿನಿಟಿ ಕೇಳಿ ಕೇಳಿ ಸಾಕಾಗೇತಿ ನಂಗ."

ಲೈಸೆನ್ಸ್ ದೀಪಾವಳಿ ದಾಟಿ ಬಂತು. ನೆರೂಳದ ಸೊಸೈಟಿಯವರು ಅದಕ್ಕಾಗಿ ಕಾ‌ದಿದ್ದರು. ಕಾದದ್ದು ನನ್ನ ಮೇಲಿನ ಪ್ರೀತಿಗಲ್ಲ, ಸ್ವಿಚ್ಚು ಬಿಳಿಯೋ ಬೂದುಬಣ್ಣದ್ದೋ ಎಂದು ಅವರ ಕಮಿಟಿಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಈಗ ಇಬ್ಬರು ಹೆಲ್ಪರ್ ಇದ್ದಾರೆ, ಇಬ್ಬರೂ ಹುಡುಗಿಯರು, ದಿನಕ್ಕೆ ಆರುನೂರು. ಅವರಿಗೆ ಕೊಟ್ಟು, ಸಾಮಾನಿಗೆ ಕಟ್ಟಿ, ಒಳ್ಳೆಯ ತಿಂಗಳಲ್ಲಿ ನನ್ನ ಕೈಗೆ ಐವತ್ತು ಸಾವಿರ ಉಳಿಯುತ್ತದೆ. ಮಳೆಗಾಲದಲ್ಲಿ ಅದರ ಅರ್ಧ. ಸಹಿ ಕೇಳಿಕೊಂಡು ನನ್ನ ಹತ್ತಿರವೂ ಜನ ಬರುತ್ತಾರೆ. ಮನೆ ತೋರಿಸಿ ಎಂದು ಮೆಗ್ಗರ್ ಹೆಗಲಿಗೆ ಹಾಕಿಕೊಂಡರೆ ಮುಕ್ಕಾಲು ಪಾಲು ಜನ ಕಲ್ಯಾಣಕ್ಕೆ ಹೋಗುತ್ತಾರೆ. ಆ ದುಡ್ಡು ಹೋದದ್ದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಕುರ್ಚಿಯಲ್ಲಿ ಕೂತು ಸಹಿ ಹಾಕಲು ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣ ಅಧಿಕಾರಿಯ ಹೊಗಳಿಕೆಯಲ್ಲ, ಅವರು ಹೋದ ಮೇಲೆ ಅದೇ ಮಧ್ಯಾಹ್ನ ನಡೆದದ್ದು.

ಊಟಕ್ಕೆ ಮೊದಲು ಅಡುಗೆಮನೆಯ ಬೋರ್ಡು ಬಿಚ್ಚಿದೆ. ಒಳಗೆ ಇನ್ನೂ ಸೋಪಿನ ವಾಸನೆ, ತಳದಲ್ಲಿ ತೇವ. ಆ ತೇವದಲ್ಲಿ ಹಸಿರು ತಂತಿಯ ಬೆತ್ತಲೆ ತುದಿ ಮಲಗಿತ್ತು, ಮುಳ್ಳು ಸೊನ್ನೆಗೆ ಬಿದ್ದದ್ದು ಅದರಿಂದಲೇ. ಹಸಿರು ತಂತಿ ಎಂದರೆ ಅರ್ಥಿಂಗ್. ಯಂತ್ರದ ಮೈಗೆ ಕರೆಂಟು ಸೋರಿದರೆ, ಮುಟ್ಟಿದವರ ಕೈಗೆ ಹೊಡೆಯದ ಹಾಗೆ ಅದನ್ನು ನೆಲಕ್ಕೆ ಒಯ್ಯುವ ತಂತಿ ಅದು. ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಅದನ್ನು ಸ್ಕ್ರೂ ಹಾಕಿ ಬಿಗಿದಿರಬೇಕು. ಹತ್ತೊಂಬತ್ತರ ನಾನು ಅದರ ತುದಿಯನ್ನು ಚೆನ್ನಾಗಿ ಸುಲಿದಿದ್ದೆ, ಸರಿಯಾದ ಉದ್ದಕ್ಕೆ ಕತ್ತರಿಸಿದ್ದೆ, ಬಿಗಿಯುವುದನ್ನು ಮರೆತು ಮಡಚಿ ಒಳಗೆ ತುರುಕಿ ಮುಚ್ಚಿದ್ದೆ. ಹದಿನೈದು ವರ್ಷ ಅಮ್ಮನ ಗ್ರೈಂಡರಿನ ಮೂರನೇ ಪಿನ್ನು ಖಾಲಿ ತೂತಿಗೆ ಹೋಗಿ ಕೂತಿತ್ತು. ಎಂದೂ ಫ್ಯೂಸ್ ಹೋಗದ್ದಕ್ಕೆ ಕಾರಣ ನನ್ನ ಜಾಣತನವಾಗಿರಲಿಲ್ಲ, ಸೋರಿದ ಕರೆಂಟಿಗೆ ನೆಲಕ್ಕೆ ಇಳಿಯುವ ದಾರಿಯೇ ಇರಲಿಲ್ಲ.

"ಅಮ್ಮ, ಗ್ರೈಂಡರ್ ಯಾವತ್ತಾದ್ರೂ ಶಾಕ್ ಹೊಡ್ದಿತ್ತಾ?"

ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಶಾಕ್ ಅಂತ ಎಂತ ಇಲ್ಲ. ಮಳೆಗಾಲದಲ್ಲಿ ಸ್ವಲ್ಪ ಜುಮ್ ಅಂತದೆ. ಅದ್ಕೇ ಮಣೆ ಮೇಲೆ ನಿಂತು ರುಬ್ಬುದು."

"ಯಾವಾಗಿಂದ?"

"ಮೊದ್ಲಿಂದ್ಲೂ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಮೊದ್ಲು ಮಾಡಿದ ಕೆಲ್ಸ ಅಲ್ವಾ ಮಗಾ. ಬಂದವ್ರಿಗೆಲ್ಲ, ನಮ್ಮ ಹುಡುಗಿಯೇ ಮಾಡಿದ್ದು, ಕಾಣಿ ಅಂತ ತೋರಿಸ್ತಿದ್ದೆ. ಅದ್ರಲ್ಲಿ ತಪ್ಪುಂಟು ಅಂತ ನಿಂಗೆ ಹೇಗೆ ಹೇಳುದು."

ಗಿರಾಕಿಗಳ ಮನೆಯಲ್ಲಿ ಅಡುಗೆಮನೆಗೆ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಅದು, ಎಲ್ಲಾದರೂ ಜುಮ್ ಎನ್ನುತ್ತದೆಯೇ ಎಂದು. ಸಾವಿರ ಹೆಂಗಸರನ್ನು ಕೇಳಿರಬೇಕು. ಇವಳನ್ನು ಕೇಳಿರಲಿಲ್ಲ. ಅಮ್ಮ ತುರಿಯುವುದನ್ನು ಮುಗಿಸಿ, ಅಕ್ಕಿ ನೆನೆದಿದೆ, ರುಬ್ಬಲು ಕರೆಂಟು ಯಾವಾಗ ಕೊಡುತ್ತೀ ಎಂದು ಕೇಳಿದಳು. ತಂತಿಯ ತುದಿ ಒರೆಸಿ, ಬಟ್ಟೆಯಿಂದ ತಳ ಒಣಗಿಸಿ, ಸ್ಕ್ರೂ ಬಿಗಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.